ಗಾಡಿ ಹತ್ತಿರ ಒಬ್ಬರಿರಬೇಕು

ಡೀಸೆಲ್ಲಿಗೆ ಇಷ್ಟು, ಟೋಲಿಗೆ ಇಷ್ಟು, ರಾತ್ರಿ ತಂಗಿದ ಲಾಡ್ಜಿಗೆ ಇಷ್ಟು, ಊಟ ತಿಂಡಿಗೆ ಇಷ್ಟು, ನಡುನಡುವೆ ಕುಡಿದ ಟೀ, ಈಗ ಪಾರ್ಕಿಂಗಿನವನು ಹರಿದುಕೊಟ್ಟ ಚೀಟಿ. ಗುಡ್ಡದ ಬುಡದಲ್ಲಿ ವ್ಯಾನನ್ನು ಹಿಂದಕ್ಕೆ ತೆಗೆದು ನೆರಳಿಗೆ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಅವನು ಮನಸ್ಸಿನಲ್ಲೇ ಲೆಕ್ಕ ಕೂಡುತ್ತಿದ್ದ. ಜೀವಮಾನವಿಡೀ ಗಾಡಿ ಬಾಡಿಗೆಗೆ ಹಿಡಿದ ಪಾರ್ಟಿಗಳಿಗೆ ಒಪ್ಪಿಸಿಕೊಂಡು ಬಂದ ಲೆಕ್ಕವಾದ್ದರಿಂದ ಅದು ಯಾರೂ ಕೇಳದಿದ್ದರೂ ತಾನಾಗಿ ನಾಲಿಗೆಗೆ ಬರುತ್ತಿತ್ತು. ಕೊನೆಯಲ್ಲಿ ಡ್ರೈವರ್ ಬತ್ತಾ ಅಂತ ಸೇರಿಸಲು ಹೋದವನು ತಡೆದುಕೊಂಡ. ಯಾರು ಯಾರಿಗೆ ಕೊಡುವ ಬತ್ತಾ? ಗಾಡಿ ಅವನದೇ, ಡ್ರೈವರೂ ಅವನೇ, ಪಾರ್ಟಿ ಅಂದರೆ ಪಕ್ಕದ ಸೀಟಿನಲ್ಲಿ ಬಗ್ಗಿ ಶೂ ಕಟ್ಟಿಕೊಳ್ಳುತ್ತಿರುವ ಸ್ವಂತ ಹೆಂಡತಿ. ಅವನಿಗೆ ನಗು ಬಂತು. ನಕ್ಕದ್ದು ಯಾಕೆ ಅಂತ ಅವಳು ಕೇಳಿಯಾಳು ಅಂದುಕೊಂಡ, ಕೇಳಲಿಲ್ಲ. ಲೇಸಿನ ಗಂಟು ಬಿಗಿದು, ಬಟ್ಟೆಯ ಚೀಲ ಹೆಗಲಿಗೆ ಹಾಕಿಕೊಂಡು, “ಮೇಲೆ ಕೆರೆ ಇದೆಯಂತೆ. ಹೊತ್ತಾಗಬಹುದು. ಟೀ ಕುಡ್ಕೊಂಡಿರಿ,” ಅಂದಳು. ಈ ಬೇಸಿಗೆಯ ಮೊದಲ ಟ್ರಿಪ್ಪುಗಳಲ್ಲಿ “ನೀವೂ ಬನ್ನಿ ಅಂದ್ರೆ” ಅನ್ನುತ್ತಿದ್ದಳು. ಆಮೇಲೆ “ಬರಲ್ವಾ?” ಅನ್ನತೊಡಗಿದಳು. ಈಗ ಅದೂ ಇಲ್ಲ. ಅವನ ಉತ್ತರ ಮಾತ್ರ ಬಾಯಲ್ಲಿ ತಯಾರಿತ್ತು: ನೀನು ಹೋಗಿ ನೋಡ್ಕೊಂಡು ಬಾ, ಗಾಡಿ ಹತ್ರ ಒಬ್ರಿರಬೇಕು. ಕೇಳದಿದ್ದ ಪ್ರಶ್ನೆಗೆ ಉತ್ತರ ಹೇಳುವುದು ಹೇಗೆ ಅಂತ ತಿಳಿಯದೆ ಅವನು ವೈಪರಿನ ಗುಂಡಿ ತಿರುಗಿಸಿದ. ಒಣಗಾಜಿನ ಮೇಲೆ ವೈಪರು ಕಿರ್ರೆಂದು ಎರಡು ಸಲ ಆಡಿ ನಿಂತಿತು.

ಅವಳು ಏರುದಾರಿ ಹಿಡಿದಳು. ಅವನು ಆ ಬೆನ್ನನ್ನೇ ನೋಡಿದ. ಜನರನ್ನು ಅವನು ಹೆಚ್ಚಾಗಿ ನೋಡಿದ್ದು ಎರಡೇ ರೀತಿ, ಕನ್ನಡಿಯಲ್ಲಿ ಹಣೆ ಮತ್ತು ಕಣ್ಣು, ಆಮೇಲೆ ಬಾಗಿಲು ತೆಗೆದು ಇಳಿದು ಹೋಗುವ ಬೆನ್ನು. ಈ ಗುಡ್ಡಕ್ಕೆ ಎಷ್ಟು ಸಲ ಬಂದಿದ್ದನೋ. ಊಟದ ಹೊತ್ತು ಕಳೆದ ಮೇಲೆ ನೆರಳು ಯಾವ ಕಡೆ ಸರಿಯುತ್ತದೆ, ಯಾವ ನಲ್ಲಿಯಲ್ಲಿ ಮಾತ್ರ ನೀರು ಬರುತ್ತದೆ, ಕೋತಿಗಳು ಯಾವ ಗೋಡೆ ಹಾರಿ ಬರುತ್ತವೆ, ಟೀ ಅಂಗಡಿಯವಳು ಹಾಲಿಗೆ ಎಷ್ಟು ನೀರು ಹಾಕುತ್ತಾಳೆ, ಎಲ್ಲ ಅವನಿಗೆ ಗೊತ್ತು. ಮೇಲೆ ಏನಿದೆ ಅನ್ನುವುದು ಗೊತ್ತಿಲ್ಲ. ಕೆರೆಯೋ ಕಲ್ಯಾಣಿಯೋ, ಇಳಿದು ಬಂದವರ ಒದ್ದೆ ಕಾಲು ನೋಡಿ ನೀರಂತೂ ಇದೆ ಅಂದುಕೊಂಡಿದ್ದ. ಸಮುದ್ರವೆಂದರೆ ಅವನಿಗೆ ಚಕ್ರ ಹೂಳುವ ಮರಳು. ಜಲಪಾತ ಅಂದರೆ ಮರಗಳ ಹಿಂದಿನ ಒಂದು ಸದ್ದು, ಆ ಸದ್ದಿನಲ್ಲಿ ನಿದ್ದೆ ಚೆನ್ನಾಗಿ ಬರುತ್ತದೆ. ಇದರಲ್ಲಿ ಕೊರಗುವಂಥದ್ದೇನೂ ಇದೆ ಅಂತ ಈ ಬೇಸಿಗೆಯ ತನಕ ಅವನಿಗೆ ಅನ್ನಿಸಿರಲಿಲ್ಲ. ಗಾಡಿ ಬಿಟ್ಟು ಹೋದ ಡ್ರೈವರನ್ನು ಯಾವ ಪಾರ್ಟಿಯೂ ಎರಡನೇ ಸಲ ಕರೆಯುವುದಿಲ್ಲ. ಸಾಮಾನು ಒಳಗಿರುತ್ತದೆ, ಮುದುಕರಿಗೆ ಸುಸ್ತಾಗಿ ಅರ್ಧದಲ್ಲೇ ವಾಪಸಾಗುತ್ತಾರೆ, ಮಗುವಿಗೆ ಬಟ್ಟೆ ಬದಲಿಸಬೇಕಾಗುತ್ತದೆ. ಬಂದವರಿಗೆ ಗಾಡಿಯೂ ಡ್ರೈವರೂ ಬಿಟ್ಟಲ್ಲೇ ಸಿಗಬೇಕು. ಬಿಟ್ಟಲ್ಲೇ ಸಿಗುವವನು ಅನ್ನುವ ಹೆಸರು ಸಂಪಾದಿಸಲು ಅವನಿಗೆ ವರ್ಷಗಳೇ ಹಿಡಿದಿದ್ದವು.

ಬೇಸಿಗೆಯ ಶುರುವಿನಲ್ಲಿ ಗಾಡಿಯ ಧಣಿ ವ್ಯವಹಾರ ಮುಚ್ಚಿ, ವ್ಯಾನನ್ನು ಇವನಿಗೇ ಕೊಟ್ಟು ಕೈತೊಳೆದುಕೊಂಡಿದ್ದರು. ಇನ್ನು ಬಾಡಿಗೆ ಓಡಿಸುವುದಿಲ್ಲ, ಸಾಕು ಅಂತ ಇವನೂ ಮನೆಯಲ್ಲಿ ಕೂತ. ಅದೇ ವಾರ ನಾದಿನಿಯ ಫೋನು ಬಂತು. ಅವಳು ತನ್ನ ಊರಿನಲ್ಲಿ ಹೊಲಿಗೆ ಅಂಗಡಿ ಹಾಕಿದ್ದಳು. ಬಟ್ಟೆಚೀಲ, ಪರದೆ, ದಿಂಬಿನ ಕವರು, ಕೇಳುವವರು ಹೆಚ್ಚಾಗಿ ಒಬ್ಬಳ ಕೈ ಸಾಲುತ್ತಿರಲಿಲ್ಲ. ಮಹಡಿಯ ಮೇಲೆ ಖಾಲಿ ಕೋಣೆ ಇದೆ, ಅಕ್ಕ ಬಂದುಬಿಡಲಿ ಅಂತ. ಹೆಂಡತಿ ಒಣಗಿದ ಬಟ್ಟೆ ಮಡಚುತ್ತ ಈ ಸಂಗತಿ ಹೇಳಿ, “ಹೋಗ್ಲಾ?” ಅಂತ ಕೇಳಿದಳು.

“ಹೋಗು, ಅದಕ್ಕೇನು. ನಾಲ್ಕು ದಿನ ಇದ್ದು ಬಾ.”

“ನಾಲ್ಕು ದಿನಕ್ಕಲ್ಲ ರೀ.”

ಅವನು ಪೇಪರಿನಿಂದ ತಲೆಯೆತ್ತಿದ. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಸುಲಭವಿತ್ತು, ಸಿಟ್ಟಿಗೆ ಎದುರು ಮಾತಿದೆ. “ಇಷ್ಟು ವರ್ಷ ಯಾರ್ಯಾರಿಗೋ ಊರೂರು ತೋರಿಸಿದ್ರಿ,” ಅಂದಳು, “ಈ ಬೇಸಿಗೆ ನನಗೆ ತೋರಿಸಿ. ಮುಗಿಯೋ ಹೊತ್ತಿಗೆ ಇರೋದೋ ಹೋಗೋದೋ ಹೇಳ್ತೀನಿ.” ಹೇಳಿ, ಅವನ ಅಂಗಿಯ ತೋಳನ್ನು ಒಳಕ್ಕೆ ಮಡಚಿ ಬದಿಗಿಟ್ಟಳು. ಅವನಿಗೆ ಎದೆ ಹಗುರಾಯಿತು. ಇಷ್ಟೇ ತಾನೆ ಅಂದುಕೊಂಡ. ತೋರಿಸುವುದು ಅವನ ಕಸುಬು. ಅವತ್ತೇ ಗಾಡಿಯ ಆಯಿಲ್ ಬದಲಿಸಿದ, ಟೈರಿಗೆ ಗಾಳಿ ಹಿಡಿಸಿದ, ಸೀಟುಗಳನ್ನು ಸೋಪುನೀರಿನಲ್ಲಿ ಉಜ್ಜಿದ. ಬೇಸಿಗೆಯುದ್ದಕ್ಕೂ ಒಂದು ಟ್ರಿಪ್ಪನ್ನೂ ತಪ್ಪಿಸಲಿಲ್ಲ, ಒಂದು ಕಡೆಯೂ ದಾರಿ ಕೇಳಲಿಲ್ಲ, ಒಂದು ಹಳ್ಳಕ್ಕೂ ಅವಳ ಸೊಂಟ ಕುಲುಕುವಂತೆ ಇಳಿಸಲಿಲ್ಲ. ಇನ್ನೇನು ಮಾಡಬೇಕಿತ್ತು ಅಂತ ಅವನು ಈಗ ಸ್ಟೀರಿಂಗನ್ನೇ ಕೇಳುವವನ ಹಾಗೆ ಕೂತಿದ್ದ. ಇದು ಕೊನೆಯ ಟ್ರಿಪ್ಪು. ಅವಳು ಇನ್ನೂ ಹೇಳಿಲ್ಲ. ವಾಪಸು ದಾರಿಯಲ್ಲಿ ಒಂದು ಕವಲು ಸಿಗುತ್ತದೆ, ಬಲಕ್ಕೆ ತಿರುಗಿದರೆ ಮನೆ, ಎಡಕ್ಕೆ ತಿರುಗಿದರೆ ನಾದಿನಿಯ ಊರು. ಕೊನೆಗೆ ಈ ಗುಡ್ಡವನ್ನು ಅವಳು ಬೇಕೆಂದೇ ಆರಿಸಿದಳೋ, ಅಥವಾ ರಸ್ತೆಗಳು ಇರುವುದೇ ಹಾಗೋ ಅನ್ನುವುದು ಬೆಳಗಿನಿಂದ ಅವನಿಗೆ ಬಗೆಹರಿದಿರಲಿಲ್ಲ.

ಬಿಸಿಲು ಬಾನೆಟ್ಟಿನ ಮೇಲೆ ಬಂತು. ಗಾಡಿಯನ್ನು ಒಂದು ಗೇಣು ಸರಿಸೋಣ ಅಂತ ಕೀಲಿಗೆ ಕೈಹಾಕಿದವನಿಗೆ ಹಿಂದೊಮ್ಮೆ ಇದೇ ಕಿಟಕಿಯೊಳಗೆ ಚಾಚಿದ ಅವಳ ಒದ್ದೆ ಕೈ ನೆನಪಾಯಿತು. ದೊಡ್ಡ ಸರೋವರದ ಟ್ರಿಪ್ಪಿನಲ್ಲಿ ಅವಳು ಯಾರದೋ ಸಂಸಾರದ ಜೊತೆ ಸೇರಿಕೊಂಡು ದೋಣಿ ಹತ್ತಿದ್ದಳು. ಈಜು ಬಾರದವಳು, ಐವತ್ತು ದಾಟಿದವಳು. ನಡುನೀರಲ್ಲಿ ದೋಣಿ ತಿರುಗಿ ಎಲ್ಲರ ಮೈಮೇಲೆ ನೀರು. ತೊಪ್ಪೆಯಾಗಿ, ಕೂದಲು ಕೆನ್ನೆಗಂಟಿ, ಓಡುತ್ತ ಬಂದಿದ್ದಳು. ಅವಳು ಹಾಗೆ ಓಡಿದ್ದನ್ನು ಅವನು ಎಂದೂ ಕಂಡಿರಲಿಲ್ಲ. ಕಿಟಕಿಯೊಳಗೆ ಕೈಚಾಚಿ ಅವನ ಮೊಣಕೈ ಹಿಡಿದು, “ರೀ, ಏನಾಯ್ತು ಗೊತ್ತಾ,” ಅಂತ ಶುರುಮಾಡಿದವಳಿಗೆ ಅವನು ಹೇಳಿದ್ದು, “ತಡಿ ತಡಿ, ಸೀಟು ಒದ್ದೆಯಾಗತ್ತೆ.” ಡಿಕ್ಕಿಯಿಂದ ಪ್ಲಾಸ್ಟಿಕ್ ಹಾಳೆ ತಂದು ಅವಳ ಸೀಟಿನ ಮೇಲೆ ಹಾಸಿದ. ಚೆನ್ನಾಗಿಯೇ ಹಾಸಿದ, ಅಂಚುಗಳನ್ನು ಸೀಟಿನ ಸಂದಿಗೆ ಸಿಕ್ಕಿಸಿ. ಅವಳು ಅದರ ಮೇಲೆ ಕೂತಳು. ದಾರಿಯುದ್ದಕ್ಕೂ ಅವಳು ಅಲ್ಲಾಡಿದಾಗಲೆಲ್ಲ ಹಾಳೆ ಚರಚರ ಅನ್ನುತ್ತಿತ್ತು. ಏನಾಯಿತು ಅನ್ನುವುದನ್ನು ಅವಳು ಹೇಳಲಿಲ್ಲ. ಅವನು ಕೇಳಲೂ ಇಲ್ಲ, ಹೇಳಬೇಕಾದ್ದಿದ್ದರೆ ಹೇಳುತ್ತಾಳೆ ಅಂದುಕೊಂಡ. ಅದರ ಮುಂದಿನ ಟ್ರಿಪ್ಪಿನಲ್ಲೋ ಹಿಂದಿನದರಲ್ಲೋ ಹುಲ್ಲಿನ ವಿಷಯ ನಡೆದದ್ದು. ಹೋದ ಕಡೆಯಿಂದ ಸಿಕ್ಕಿದ್ದನ್ನು ತಂದು ಏನಾದರೂ ಮಾಡುವುದು ಅವಳ ಅಭ್ಯಾಸ. ಕಡ್ಡಿಗೆ ದಾರ ಸುತ್ತಿ ಹಕ್ಕಿ, ಚಪ್ಪಟೆ ಕಲ್ಲಿನ ಮೇಲೆ ಬಣ್ಣ, ಎಲೆ ಒತ್ತಿದ ಬಟ್ಟೆ. ಮಕ್ಕಳಿಲ್ಲದ ಮನೆಯಲ್ಲಿ ಎಷ್ಟೋ ಬೇಸಿಗೆಗಳನ್ನು ಅವಳು ಹೀಗೇ ಸವೆಸಿದ್ದಳು. ಅವತ್ತು ಉದ್ದನೆಯ ಒಣಹುಲ್ಲು ತಂದು ಬುಟ್ಟಿ ಮಾಡಲು ಹಗ್ಗ ಹೊಸೆಯಬೇಕು, ಒಂದು ತುದಿ ಹಿಡ್ಕೊಳ್ಳಿ ಅಂದಳು. ಅವನು ಬಾನೆಟ್ ಎತ್ತಿ ರೇಡಿಯೇಟರ್ ನೋಡುತ್ತಿದ್ದ. “ಗಾಡಿಗೆ ಕಟ್ಕೊಳ್ಳೆ,” ಅಂದ, “ನನಗಿಂತ ಗಟ್ಟಿಯಾಗಿ ಹಿಡ್ಕೊಳ್ಳತ್ತೆ.” ತಮಾಷೆಗೇ ಅಂದದ್ದು. ಅವಳು ನಕ್ಕಳು ಕೂಡ. ಹಿಂದಿನ ಕೊಂಡಿಗೆ ತುದಿ ಕಟ್ಟಿ, ಹಿಂದಕ್ಕೆ ಹಿಂದಕ್ಕೆ ನಡೆಯುತ್ತ, ಒಬ್ಬಳೇ ಹೊಸೆದಳು. ಗಾಡಿ ನಿಜಕ್ಕೂ ಅಲ್ಲಾಡದೆ ಹಿಡಿದುಕೊಂಡಿತ್ತು. ಆಮೇಲಿನ ಟ್ರಿಪ್ಪುಗಳಲ್ಲಿ ಅವಳು ಒಬ್ಬರೇ ಮಾಡಬಹುದಾದಂಥವನ್ನೇ ಮಾಡಿದಳು.

“ಯಾರ ಗಾಡಿ ಅಣ್ಣಾ?”

ಪಕ್ಕದಲ್ಲಿ ಬಿಳಿ ಕಾರೊಂದು ಬಂದು ನಿಂತಿತ್ತು. ಅದರ ಡ್ರೈವರು ಇಳಿದು ಸೊಂಟ ಹಿಂದಕ್ಕೆ ಬಾಗಿಸಿ ಲಟಲಟ ಅನ್ನಿಸುತ್ತಿದ್ದ. ತಲೆಯ ಮೇಲೆ ಹೆಣೆದ ಟೋಪಿ, ಆ ಸೆಖೆಯಲ್ಲಿ. ಎರಡು ಲೋಟ ಟೀ ಅವನೇ ತಂದ, ಒಂದನ್ನು ಕಿಟಕಿಯೊಳಗೆ ನೀಡಿದ. ಇಂಥವರು ಎಲ್ಲ ಪಾರ್ಕಿಂಗಿನಲ್ಲೂ ಒಬ್ಬರಿರುತ್ತಾರೆ. ಹೆಸರು ಕೇಳುವುದಿಲ್ಲ, ಬಿಪಿ ಎಷ್ಟು ಅಂತ ಕೇಳುತ್ತಾರೆ.

“ನಂದೊಂದು ಪಾರ್ಟಿ ಸಿಕ್ಕಿದೆ ನೋಡಣ್ಣ, ಏಳು ಜನ, ಏಳು ದಿಕ್ಕು. ಒಬ್ಬಂಗೆ ಏಸಿ ಜಾಸ್ತಿ, ಇನ್ನೊಬ್ಬಳಿಗೆ ಕಮ್ಮಿ. ಬೆಳಗ್ಗಿಂದ ಆ ಗುಂಡಿ ತಿರುಗ್ಸಿ ತಿರುಗ್ಸಿ ನನ್ನ ಬೆರಳೇ ಸವೆದೋಯ್ತು. ನಿಮ್ದೆಷ್ಟು ಜನ?”

“ಒಬ್ರೇ.”

“ಇಷ್ಟು ದೊಡ್ಡ ವ್ಯಾನಿಗೆ ಒಬ್ರೇ? ಯಾರಪ್ಪ ಅದು ಮಹಾರಾಜ?”

ಆಗಲೇ ಹೇಳಬಹುದಿತ್ತು. ಹೇಳಿದರೆ ಏನಾಗುತ್ತಿತ್ತು ಅನ್ನುವುದೂ ಅವನಿಗೆ ಕಣ್ಣಿಗೆ ಕಟ್ಟಿದಂತಿತ್ತು. ಹೆಂಡತಿನಾ, ಮತ್ತೆ ನೀವ್ಯಾಕೆ ಇಲ್ಲಿ ಕೂತಿದೀರಿ, ಜಗಳನಾ, ಕಾಲು ನೋವಾ, ಹೋಗಣ್ಣ ನಾನು ಗಾಡಿ ನೋಡ್ಕೋತೀನಿ. ಅವನಿಗೆ ಉತ್ತರವಿಲ್ಲದ ಪ್ರಶ್ನೆಗಳು. ಟೀ ಬಿಸಿಯಿತ್ತು. ಒಂದು ಗುಟುಕು ಎಳೆದು, ಕಣ್ಣು ಲೋಟದಲ್ಲೇ ಇಟ್ಟು, “ಮೇಡಂ ಒಬ್ರು,” ಅಂದ. ಹೇಳಿದ ಮೇಲೆ ಮಾತು ಎಷ್ಟು ನಯವಾಗಿ ಹೊರಟಿತು ಅನ್ನುವುದೇ ಅವನಿಗೆ ಆಶ್ಚರ್ಯ. ಟೋಪಿಯವನು, “ಒಳ್ಳೇ ಪಾರ್ಟಿನಾ?” ಅಂದ. “ಒಳ್ಳೆಯವ್ರು,” ಅಂದ ಇವನು. “ಕಿರಿಕಿರಿ ಇಲ್ಲ. ಕೊಟ್ಟಿದ್ದು ತಿಂತಾರೆ, ಹೇಳಿದ ಕಡೆ ಇಳೀತಾರೆ.” “ಹಂಗಾದ್ರೆ ಬಿಡ್ಬೇಡಿ ಅಣ್ಣಾ. ಅಂಥೋರು ಸಿಗೋದೇ ಕಷ್ಟ,” ಅಂತ ಟೋಪಿಯವನು ಗಂಭೀರವಾಗಿ ತಲೆಯಾಡಿಸಿದ. ಹೆಂಡತಿಯನ್ನು ಇಷ್ಟು ಬಾಯಿತುಂಬ ಹೊಗಳಿದ್ದು ಇದೇ ಮೊದಲೇನೋ ಅನ್ನಿಸಿ ಅವನು ಲೋಟವನ್ನು ಡ್ಯಾಶ್‌ಬೋರ್ಡಿನ ಮೇಲಿಟ್ಟ. ಇಳಿದು ಹೋಗೋಣ ಅನ್ನಿಸಿತು, ಮೇಲೆ, ಕೆರೆಯ ತನಕ. ಗಾಡಿಯ ಬಾಗಿಲು ತೆಗೆದ. ಒಂದು ಕಾಲು ಕೆಳಗಿಟ್ಟ. ಆದರೆ ಈ ಟೋಪಿಯವನಿಗೆ ಏನು ಹೇಳಿ ಹೋಗುವುದು? ಪಾರ್ಟಿಯ ಹಿಂದೆ ಡ್ರೈವರು ಗುಡ್ಡ ಹತ್ತುತ್ತಾನೆಯೇ? ಕಾಲು ಒಳಗೆ ಎಳೆದುಕೊಂಡ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಇಟ್ಟ. ಈ ಇಡುವುದು ಎಳೆಯುವುದರಲ್ಲೇ ಹೊತ್ತು ಹೋಯಿತು.

ಅವಳು ಇಳಿದು ಬಂದಾಗ ಬಿಸಿಲು ಹಳದಿಗೆ ತಿರುಗಿತ್ತು. ಮುಖ ಕೆಂಪಗಾಗಿತ್ತು, ಶೂಗೆ ಕೆಸರು, ಹೆಗಲ ಮೇಲೆ ಸುರುಳಿ ಸುತ್ತಿದ ಹೊಸ ಹುಲ್ಲಿನ ಹಗ್ಗ. ಹೆಬ್ಬೆರಳು ಗಾತ್ರ, ಒಂದೇ ಸಮ. ಒಬ್ಬರೇ ಹೊಸೆದದ್ದಲ್ಲ ಅಂತ ನೋಡಿದ ಕೂಡಲೇ ಗೊತ್ತಾಗುವಂಥದ್ದು. ಮೇಲೆ ಯಾರೋ ತುದಿ ಹಿಡಿದಿದ್ದರು. ಅವನು ಕೇಳುವಷ್ಟರಲ್ಲಿ ಟೋಪಿಯವನು ಎದ್ದು, ಲೋಟ ಬದಿಗಿಟ್ಟು, ವಿನಯದಿಂದ, “ಬನ್ನಿ ಮೇಡಂ,” ಅಂದ. “ನಿಮ್ಮ ಡ್ರೈವರು ಗಾಡಿ ಬಿಟ್ಟು ಒಂದು ಹೆಜ್ಜೆ ಅಲ್ಲಾಡಿಲ್ಲ ನೋಡಿ. ನಿಮ್ಮನ್ನ ಎಷ್ಟು ಹೊಗಳಿದ್ರು ಅಂತೀರಿ.”

ಅವಳು ನಿಂತಳು. ಟೋಪಿಯವನನ್ನು ನೋಡಿದಳು, ಆಮೇಲೆ ಕಿಟಕಿಯ ಒಳಗಿನ ಗಂಡನನ್ನು. ಅವನ ಕೈ ಆಗಲೇ ಪಕ್ಕದ ಸೀಟಿನ ಬಾಗಿಲಿನ ಕಡೆ ಚಾಚಿತ್ತು, ಒಳಗಿನಿಂದ ತೆಗೆಯಲು. ಅದು ಹಾಗೇ ನಡುವೆ ನಿಂತಿತು. “ಹೌದಾ,” ಅಂದಳು ಅವಳು ಟೋಪಿಯವನಿಗೆ, “ಒಳ್ಳೆಯವ್ರು. ಬಿಟ್ಟಲ್ಲೇ ಸಿಗ್ತಾರೆ.” ಆಮೇಲೆ ಮುಂದಿನ ಬಾಗಿಲನ್ನು ದಾಟಿ ಹಿಂದಕ್ಕೆ ಹೋದಳು. ಹಿಂದಿನ ಬಾಗಿಲು ಸರಿದ ಸದ್ದು, ಸೀಟಿನ ಸ್ಪ್ರಿಂಗು ಕುಗ್ಗಿದ ಸದ್ದು, ಬಾಗಿಲು ಮುಚ್ಚಿದ ಸದ್ದು. “ಹೊರಡೋಣ ಡ್ರೈವರ್,” ಅಂದಳು.

ಅವನು ಗಾಡಿಯನ್ನು ಪಾರ್ಕಿಂಗಿನಿಂದ ರಸ್ತೆಗೆ ಇಳಿಸಿದ. ಟೋಪಿಯವನು ಮರೆಯಾದ ಮೇಲೆ ಅವಳು ನಗುತ್ತಾಳೆ, ಗಾಡಿ ನಿಲ್ಲಿಸಿ ಅನ್ನುತ್ತಾಳೆ, ಮುಂದೆ ಬಂದು ಕೂರುತ್ತಾಳೆ ಅಂದುಕೊಂಡ. ಮೊದಲ ತಿರುವು ಕಳೆಯಿತು, ಎರಡನೆಯದೂ ಕಳೆಯಿತು. ಅಭ್ಯಾಸಬಲದಿಂದ ಕೈ ಕನ್ನಡಿಗೆ ಹೋಗಿ ಅದನ್ನು ಹಿಂದಿನ ಸೀಟಿಗೆ ಸರಿಮಾಡಿತು. ಹಣೆ, ಕಣ್ಣು. ಇಷ್ಟು ನೇರವಾಗಿ ಅವಳ ಕಣ್ಣನ್ನು ನೋಡಿ ಯಾವ ಕಾಲವಾಯಿತೋ. ಎಡಗಣ್ಣಿನ ಕೆಳಗೊಂದು ಸಣ್ಣ ಮಚ್ಚೆಯಿತ್ತು. ಮೊದಲಿಂದಲೂ ಇತ್ತೋ ಈಚೆಗೆ ಬಂತೋ ಅವನಿಗೆ ಹೇಳಲಾಗಲಿಲ್ಲ.

“ನನ್ನ ಯಜಮಾನ್ರೂ ಡ್ರೈವರೇ,” ಅಂದಳು ಅವಳು, ಕಿಟಕಿಯ ಹೊರಗೆ ನೋಡುತ್ತ.

ಅವನ ಬಾಯಿಯಲ್ಲಿ ‘ಸಾಕು ಬಿಡೆ’ ಬಂದಿತ್ತು. ಆದರೆ ಆ ದನಿ ಅವನಿಗೆ ಗೊತ್ತು. ಪಾರ್ಟಿಗಳು ಹೊತ್ತು ಇಳಿಯುವಾಗ, ಉಳಿದವರು ನಿದ್ದೆಹೋದ ಮೇಲೆ, ಡ್ರೈವರಿನ ಬೆನ್ನಿಗೆ ಹೇಳಿಕೊಳ್ಳುವ ದನಿ. ಮನೆಯವರಿಗೆ ಹೇಳದ್ದನ್ನು ಎಷ್ಟು ಜನ ಅವನ ಬೆನ್ನಿಗೆ ಹೇಳಿದ್ದರು. ಅದಕ್ಕೊಂದು ಕ್ರಮವಿದೆ. ತಿರುಗಿ ನೋಡಬಾರದು, ನಡುವೆ ಬಾಯಿಹಾಕಬಾರದು, ವೇಗ ಹೆಚ್ಚು ಕಮ್ಮಿ ಮಾಡಬಾರದು. ತಿರುಗಿದರೆ ಮಾತು ನಿಲ್ಲುತ್ತದೆ. ಅವನು, “ಹೌದಾ ಮೇಡಂ,” ಅಂದ.

“ಹೂಂ. ಬೇಸಿಗೆ ಪೂರ್ತಿ ಮನೇಲಿರ್ತಿರ್ಲಿಲ್ಲ. ದಿನಾ ಫೋನ್ ಮಾಡ್ತಾರೆ ಅಂತ ಪಕ್ಕದ ಮನೆಯವ್ರಿಗೆ ಸುಳ್ಳು ಹೇಳ್ತಿದ್ದೆ. ಏನಂದ್ರು ಅಂತ ಅವ್ರು ಕೇಳಿದ್ರೆ ಅದನ್ನೂ ನಾನೇ ಹೊಸೀಬೇಕಿತ್ತು.” ಹಗ್ಗದ ಸುರುಳಿಯನ್ನು ಸೀಟಿನ ಮೇಲೆ ಇಳಿಸಿದ ಸದ್ದಾಯಿತು. “ಕೆಟ್ಟವರಲ್ಲ. ಒಂದ್ಸಲ ಯಾರೋ ಪ್ರೊಫೆಸರ್ ಮಕ್ಕಳಿಗೆ ಉಯ್ಯಾಲೆಗೆ ಹಗ್ಗ ಹೊಸೀಬೇಕು ಅಂತ ಕಾಡಲ್ಲಿ ಮಧ್ಯಾಹ್ನ ಪೂರ್ತಿ ಅದರ ತುದಿ ಹಿಡ್ಕೊಂಡು ನಿಂತಿದ್ರಂತೆ. ಅಂಗೈ ತುಂಬ ಬೊಬ್ಬೆ. ನಾನೇ ಎಣ್ಣೆ ಹಚ್ಚಿದೆ. ಎಷ್ಟು ಖುಷಿಯಾಗಿತ್ತು ಅಂತೀರಿ ನನಗೆ, ಇಂಥ ಮನುಷ್ಯ ನನ್ನ ಗಂಡ ಅಂತ.”

ಆ ಮಧ್ಯಾಹ್ನ ಅವನಿಗೆ ಚೆನ್ನಾಗಿ ನೆನಪಿತ್ತು. ಮಕ್ಕಳು ಮಾಮ ಮಾಮ ಅಂತ ಸುತ್ತ ಕುಣಿದದ್ದು, ಹಗ್ಗ ಬಿಗಿಯಾಗುತ್ತ ಬಂದ ಹಾಗೆ ಅದರ ನಡುಕ ಮೊಣಕೈ ತನಕ ಏರಿದ್ದು. ಗಾಡಿ ಅವತ್ತು ಅರ್ಧ ಮೈಲಿ ದೂರ ರಸ್ತೆಬದಿಯಲ್ಲಿತ್ತು, ಅದರ ಹತ್ತಿರ ಯಾರೂ ಇರಲಿಲ್ಲ.

“ಇನ್ನೊಂದು ಬೇಸಿಗೆ,” ಅಂದಳು ಅವಳು, “ಬೇಜಾರಾಗಿ ನಾನೇ ಟೂರಿಸ್ಟ್ ಬಸ್ ಹತ್ತಿ ಜಲಪಾತಕ್ಕೆ ಹೋಗಿಬಂದೆ. ಯಾರಿಗೂ ಹೇಳ್ಲಿಲ್ಲ. ಅಲ್ಲಿ ಪಾರ್ಕಿಂಗಲ್ಲಿ ನೋಡಿದ್ರೆ ಅವರ ಗಾಡಿ. ಒಳಗೆ ಮುಖದ ಮೇಲೆ ಟವೆಲ್ ಹಾಕ್ಕೊಂಡು ಮಲಗಿದ್ರು. ಕಿಟಕಿ ಹತ್ರ ನಿಂತು ನೋಡ್ದೆ, ಉಸಿರಿಗೆ ಟವೆಲ್ ಎದ್ದು ಬಿದ್ದು ಆಗ್ತಿತ್ತು.”

“ಎಬ್ಬಿಸಬೇಕಿತ್ತು ಮೇಡಂ.” ದನಿ ಅವನದೇ, ಆದರೆ ಸಣ್ಣಗಾಗಿತ್ತು.

“ಬೇರೆ ಡ್ರೈವರ್‌ಗಳು ಇದ್ರು ಸುತ್ತ. ಯಾರು ಇವ್ರು ಅಂತ ಯಾರಾದ್ರೂ ಕೇಳಿದ್ರೆ ಇವ್ರು ಏನು ಹೇಳ್ತಾರೋ ಅಂತ ಹೆದರಿಕೆಯಾಯ್ತು.” ಕನ್ನಡಿಯಲ್ಲಿ ಆ ಕಣ್ಣು ಈಗ ಅವನ ಕಣ್ಣಿಗೇ ಬಂದು ನಿಂತಿತು. “ಈಗ ಆ ಹೆದರಿಕೆ ಇಲ್ಲ.”

ಗಾಡಿ ನಿಲ್ಲಿಸಬೇಕು ಅಂತ ಅವನಿಗೆ ಗೊತ್ತಿತ್ತು. ರಸ್ತೆಯ ಬಲಕ್ಕೂ ಎಡಕ್ಕೂ ಜಾಗವಿತ್ತು. ನಿಲ್ಲಿಸಿ, ಇಳಿದು, ಹಿಂದಿನ ಬಾಗಿಲು ಸರಿಸಿ, ತಪ್ಪಾಯ್ತು ಕಣೆ ಅನ್ನಬೇಕು. ಅಂದರೆ ಅವಳು ಮುಂದೆ ಬಂದು ಕೂತಾಳು, ಮತ್ತೆ ಅದೇ ಟೀ ಕುಡ್ಕೊಂಡಿರಿ, ಅದೇ ಹೊತ್ತಾಗಬಹುದು. ಈ ದನಿ ಮಾತ್ರ ನಿಂತುಹೋಗುತ್ತದೆ. ಇದನ್ನು ಇನ್ನೂ ಸ್ವಲ್ಪ ಕೇಳಬೇಕು, ದೋಣಿಯಲ್ಲಿ ಏನಾಯಿತು, ಮೇಲೆ ಹಗ್ಗದ ತುದಿ ಹಿಡಿದವರು ಯಾರು. ಅವನು ಕೇಳಿದ, ಡ್ರೈವರು ಕೇಳುವ ಹಾಗೆ, ರಸ್ತೆಯಿಂದ ಕಣ್ಣು ತೆಗೆಯದೆ. ಅವಳು ಹೇಳಿದಳು. ದೋಣಿ ತಿರುಗಿದಾಗ ಸಾಯ್ತೀನಿ ಅಂದುಕೊಂಡು ಜೋರಾಗಿ ಅವನ ಹೆಸರು ಕೂಗಿದಳಂತೆ. ದೋಣಿಯವರೆಲ್ಲ ನಕ್ಕರಂತೆ, ಅದನ್ನೇ ಹೇಳಲು ಓಡಿ ಬಂದದ್ದು. ಗುಡ್ಡದ ಮೇಲೆ ಕೆರೆಯ ದಂಡೆಯಲ್ಲಿ ಒಬ್ಬಳು ಅಜ್ಜಿ ತುದಿ ಹಿಡಿದಳಂತೆ, ಕೈ ನಡುಗುತ್ತಿದ್ದರೂ ಬಿಡಲಿಲ್ಲವಂತೆ. ಅವನು ಹೂಂಗುಟ್ಟಿದ. ವೇಗ ಹೆಚ್ಚಿಸಲಿಲ್ಲ, ಕಮ್ಮಿ ಮಾಡಲಿಲ್ಲ. ಕವಲು ದೂರದಿಂದಲೇ ಕಾಣಿಸಿತು, ನಡುವೆ ಒಂದು ಸುಣ್ಣ ಬಳಿದ ಕಟ್ಟೆ.

“ಎಡಕ್ಕೆ ತಗೊಳ್ಳಿ,” ಅಂದಳು ಅವಳು. ಕೊನೆಯಲ್ಲಿ ದನಿ ಸ್ವಲ್ಪ ಎತ್ತಿ ಬಿಟ್ಟಳು, ಯಾಕೆ ಅಂತ ಯಾರಾದರೂ ಕೇಳಲಿ ಅನ್ನುವಷ್ಟು. ಕಟ್ಟೆ ಹತ್ತಿರ ಬಂತು. ಯಾವ ಪಾರ್ಟಿಯನ್ನೂ ಯಾಕೆ ಅಂತ ಕೇಳಿದವನಲ್ಲ ಅವನು. ಕೈ ತಾನಾಗಿ ಇಂಡಿಕೇಟರ್ ಹಾಕಿತು. ಟಿಕ್ ಟಿಕ್ ಅನ್ನುವ ಆ ಸದ್ದು ಮುಗಿಯುವಷ್ಟರಲ್ಲಿ ಗಾಡಿ ಎಡಕ್ಕೆ ತಿರುಗಿ ಆಗಿತ್ತು. ಆಮೇಲೆ ಅವಳು ಮಾತಾಡಲಿಲ್ಲ.

ನಾದಿನಿಯ ಅಂಗಡಿಯಲ್ಲಿ ದೀಪ ಹಚ್ಚಿದ್ದರು. ಮೇಜಿನ ತುಂಬ ಕತ್ತರಿಸಿದ ಬಟ್ಟೆ. ಅವಳು ಇಳಿದು, ಚೀಲವನ್ನೂ ಹಗ್ಗವನ್ನೂ ಎತ್ತಿಕೊಂಡು, ಅವನ ಕಿಟಕಿಯ ಹತ್ತಿರ ಬಂದು ನಿಂತಳು. “ನಿಧಾನ ಹೋಗಿ. ನಿದ್ದೆ ಬಂದ್ರೆ ನಿಲ್ಲಿಸ್ಬಿಡಿ ರೀ,” ಅಂದಳು. ರೀ ಅಂದದ್ದು ಅವನಿಗೆ ಕೇಳಿಸಿತು. ಏನಾದರೂ ಹೇಳಬೇಕು ಅಂತ ಬಾಯಿ ತೆರೆದ. “ಸಾಮಾನೆಲ್ಲ ತಗೊಂಡ್ಯಾ? ಏನೂ ಮರೆತಿಲ್ಲ ತಾನೆ?” ಅಂದ. ಇಳಿಯುವ ಪ್ರತಿಯೊಬ್ಬರಿಗೂ ಅವನು ಹೇಳುತ್ತಿದ್ದ ಮಾತು ಅದು. ಇಲ್ಲ ಅಂತ ಅವಳು ತಲೆಯಾಡಿಸಿ ಒಳಗೆ ಹೋದಳು.

ಅವಳು ಅಲ್ಲೇ ಉಳಿದಳು. ಜಗಳವಾಗಲಿಲ್ಲ, ಯಾರೂ ಪಂಚಾಯಿತಿ ಸೇರಿಸಲಿಲ್ಲ. ಆ ಬೇಸಿಗೆಯಲ್ಲಿ ಅವನು ಹೆಂಡತಿಯನ್ನು ಕಳೆದುಕೊಂಡ. ಅವಳು ಎಂಥವಳು ಅನ್ನುವುದು ಅವನಿಗೆ ತಿಳಿದದ್ದೂ ಆ ಬೇಸಿಗೆಯಲ್ಲೇ, ಗುಡ್ಡದಿಂದ ಕವಲಿನ ತನಕದ ದಾರಿಯಲ್ಲಿ. ಅವನಿಗೆ ದಕ್ಕಿದ್ದು ಅಷ್ಟು.